ಕುರ್ಚಿಯಿಂದ ಇಳಿದವರ ಪಿಂಚಣಿ

ಉರ್ದು ಶಾಲೆಯಲ್ಲಿ ನಾವು ಕಲಿತ ಪದಗಳಲ್ಲಿ ‘ವಜೀಫಾ’ ಎಂಬುದೂ ಒಂದು. ಬಡ ಮಕ್ಕಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿ ವೇತನವೂ ವಜೀಫಾ, ಮುದುಕರಿಗೆ ಸಿಗುವ ಪಿಂಚಣಿಯೂ ವಜೀಫಾ, ನಮಾಜಿನ ನಂತರ ಹಿರಿಯರು ತಸ್ಬೀಹ್ ಹಿಡಿದು ದಿನವೂ ತಪ್ಪದೆ ಹೇಳಿಕೊಳ್ಳುವ ಜಪವೂ ವಜೀಫಾ. ಮುಂದೆ ಕನ್ನಡ ಶಾಲೆಗೆ ಬಂದಾಗ ಅದು ‘ನಿವೃತ್ತಿ ವೇತನ’ವಾಯಿತು, ‘ವಿಶ್ರಾಂತಿ ವೇತನ’ವಾಯಿತು. ಆದರೆ ನಮ್ಮ ಜನ ಇವೆರಡನ್ನೂ ಬಿಟ್ಟು ‘ಪಿಂಚಣಿ’ಯನ್ನೇ ಹಿಡಿದುಕೊಂಡಿದ್ದಾರೆ. ಅದರಲ್ಲಿ ವಿಶ್ರಾಂತಿ ಎಷ್ಟಿದೆ ಎಂಬುದು ಪಡೆಯುವವರ ಮೇಲೆ ಅವಲಂಬಿಸಿದೆ.

ಉರ್ದು ಸಾಹಿತ್ಯ ಓದಿದವರಿಗೆ ಪಿಂಚಣಿ ಎಂದಕೂಡಲೇ ನೆನಪಾಗುವುದು ಮಿರ್ಜಾ ಗಾಲಿಬ್. ತಿಂಗಳಿಗೆ 62 ರೂಪಾಯಿ 8 ಆಣೆಯ ಕುಟುಂಬ ಪಿಂಚಣಿ ತನಗೆ ಕಡಿಮೆಯಾಗಿ ಸಿಗುತ್ತಿದೆ ಎಂದು ಕಂಪನಿ ಸರ್ಕಾರದ ಮುಂದೆ ಅರ್ಜಿ ಹಿಡಿದು ಆತ ದಿಲ್ಲಿಯಿಂದ ಕಲ್ಕತ್ತೆಯವರೆಗೆ ಹೋದರು. ಅಲ್ಲಿಗೆ ತಲುಪಿದ್ದು 1828ರಲ್ಲಿ. ಮೊಕದ್ದಮೆ ಗೆಲ್ಲಲಿಲ್ಲ. 1857ರ ದಂಗೆಯ ನಂತರ ಇದ್ದ ಪಿಂಚಣಿಯೂ ನಿಂತು, ತಾನು ದಂಗೆಕೋರರ ಜೊತೆ ಇರಲಿಲ್ಲವೆಂದು ಬರೆದು ಬರೆದು, 1860ರಲ್ಲಿ ಮತ್ತೆ ಕೈಗೆ ಬಂತು. ಅದೇ ಕಾಲದಲ್ಲಿ ಗಾಲಿಬರ ಬಾದಶಹ ಬಹಾದೂರ್ ಶಾ ಜಫರ್ ಕೂಡ ಕಂಪನಿಯ ಪಿಂಚಣಿದಾರರೇ ಆಗಿದ್ದರು. ಅವರ ಪಿಂಚಣಿ ರಂಗೂನಿನ ಸೆರೆಮನೆಯಲ್ಲಿ ಮುಗಿಯಿತು. ಅವಧ್‌ನ ವಾಜಿದ್ ಅಲಿ ಶಾ, ನಮ್ಮ ಟಿಪ್ಪುವಿನ ಮಕ್ಕಳು - ಇವರೆಲ್ಲ ಪಿಂಚಣಿ ತಿಂದು ಬದುಕಿದವರು. ಅಧಿಕಾರ ಕಿತ್ತುಕೊಂಡವರು ಕಳೆದುಕೊಂಡವರ ಬಾಯಿ ಮುಚ್ಚಿಸಲು ಕೊಟ್ಟ ಹಣ ಅದು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಗಣರಾಜ್ಯವೂ ಅದೇ ಹಾದಿ ಹಿಡಿದು ರಾಜರಿಗೆ ರಾಜಧನ ಕೊಟ್ಟಿತು. ಮೈಸೂರು ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ನಿಗದಿಯಾಗಿತ್ತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯ ಮೂಲಕ ಇಂದಿರಾ ಗಾಂಧಿ ಅದನ್ನು ರದ್ದು ಮಾಡಿದರು. ಕೆಲಸ ಮಾಡದವರಿಗೆ ಜನರ ಹಣ ಏಕೆ ಎಂಬ ಪ್ರಶ್ನೆ ಆಗ ಊರೂರಲ್ಲಿ ಕೇಳಿಬಂತಂತೆ. ನಾವಿನ್ನೂ ಹುಟ್ಟಿರಲಿಲ್ಲ, ಹಿರಿಯರು ಹೇಳಿದ್ದು. ಐದೇ ವರ್ಷಗಳ ನಂತರ, 1976ರಲ್ಲಿ, ಮಾಜಿ ಸಂಸದರಿಗೆ ಪಿಂಚಣಿ ಕೊಡುವ ತಿದ್ದುಪಡಿ ಅದೇ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಆಗ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಕಡಿಮೆ.

ಸರ್ಕಾರವನ್ನು ನಡೆಸಿ ಇಳಿದವರಿಗೆ ಏನು ಕೊಡಬೇಕು ಎಂಬ ಚರ್ಚೆ ಬಂದಾಗಲೆಲ್ಲ ಜಗತ್ತಿನಾದ್ಯಂತ ಹೇಳುವ ಕತೆ ಒಂದಿದೆ. ಅದು ಅಮೆರಿಕದ ಹ್ಯಾರಿ ಟ್ರೂಮನ್ ಅವರದು. 1953ರ ಜನವರಿ 20ರಂದು ಅಧ್ಯಕ್ಷ ಪದವಿಯಿಂದ ಇಳಿದ ಟ್ರೂಮನ್ ರೈಲು ಹತ್ತಿ ಮಿಸ್ಸೌರಿಯ ಇಂಡಿಪೆಂಡೆನ್ಸ್ ಎಂಬ ತಮ್ಮ ಊರಿಗೆ ಮರಳಿದರು. ಉಳಿದುಕೊಂಡದ್ದು ಹೆಂಡತಿಯ ತವರಿನ ಹಳೆಯ ಮನೆಯಲ್ಲಿ. ಅಲ್ಲಿಯವರೆಗೆ ಅಮೆರಿಕದ ಮಾಜಿ ಅಧ್ಯಕ್ಷರಿಗೆ ಒಂದು ಡಾಲರ್ ಪಿಂಚಣಿಯೂ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದುದಕ್ಕೆ ತಿಂಗಳಿಗೆ 112 ಡಾಲರ್ 56 ಸೆಂಟ್ ಬರುತ್ತಿತ್ತು. ಕಂಪನಿಗಳು ದೊಡ್ಡ ಸಂಬಳದ ಹುದ್ದೆ ಕೊಡಲು ಸಾಲುಗಟ್ಟಿದವು. ಅವರಿಗೆ ಬೇಕಾಗಿರುವುದು ನಾನಲ್ಲ, ನಾನು ಕೂತಿದ್ದ ಪದವಿಯ ಹೆಸರು, ಅದು ಮಾರಾಟಕ್ಕಿಲ್ಲ ಎಂಬ ಅರ್ಥದ ಮಾತು ಹೇಳಿ ಟ್ರೂಮನ್ ನಿರಾಕರಿಸಿದರು. ಆತ್ಮಕತೆಯನ್ನು ‘ಲೈಫ್’ ಪತ್ರಿಕೆಗೆ 6 ಲಕ್ಷ ಡಾಲರಿಗೆ ಬರೆದುಕೊಟ್ಟರು. ತೆರಿಗೆ, ಸಹಾಯಕರ ಸಂಬಳ ಕಳೆದು ಉಳಿದದ್ದು ಅಷ್ಟಕ್ಕಷ್ಟೇ ಎಂದು ಅವರೇ ಲೆಕ್ಕ ಕೊಟ್ಟರು. 1957ರಲ್ಲಿ ಪ್ರತಿನಿಧಿ ಸಭೆಯ ನಾಯಕರಿಗೆ ಪತ್ರ ಬರೆದು ತಮ್ಮ ಕಷ್ಟ ತೋಡಿಕೊಂಡರು. ಪಿತ್ರಾರ್ಜಿತ ಜಮೀನು ಮಾರಾಟವಾಗದೆ ಹೋಗಿದ್ದರೆ ಸರ್ಕಾರದ ಪರಿಹಾರಕ್ಕೆ ಕೈಯೊಡ್ಡಬೇಕಿತ್ತು ಎಂದು 1958ರಲ್ಲಿ ಟೆಲಿವಿಷನ್ನಿನಲ್ಲೂ ಹೇಳಿದರು. ದೇಶ ಮರುಗಿತು. ಅದೇ ವರ್ಷ ಮಾಜಿ ಅಧ್ಯಕ್ಷರ ಕಾಯ್ದೆ ಬಂತು. ವರ್ಷಕ್ಕೆ 25 ಸಾವಿರ ಡಾಲರ್ ಪಿಂಚಣಿ, ಸಿಬ್ಬಂದಿಗೆ 50 ಸಾವಿರ ಡಾಲರ್, ಕಚೇರಿ, ಉಚಿತ ಅಂಚೆ.

ಆಗ ಬದುಕಿದ್ದ ಮಾಜಿ ಅಧ್ಯಕ್ಷರು ಇಬ್ಬರೇ. ಇನ್ನೊಬ್ಬರು ಹರ್ಬರ್ಟ್ ಹೂವರ್. ಗಣಿ ವ್ಯವಹಾರದಲ್ಲಿ ಕೋಟ್ಯಧೀಶರಾಗಿದ್ದ ಅವರಿಗೆ ಈ ದುಡ್ಡಿನ ಅಗತ್ಯ ಏನೇನೂ ಇರಲಿಲ್ಲ. ತಾನು ಬೇಡವೆಂದರೆ ಟ್ರೂಮನ್ನರಿಗೆ ಮುಜುಗರವಾದೀತು ಎಂದು ಹೂವರ್ ಕೂಡ ಪಿಂಚಣಿ ತೆಗೆದುಕೊಂಡರಂತೆ. ಬೇರೆ ಬೇರೆ ಪಕ್ಷದವರಲ್ಲಿ ಇಷ್ಟೊಂದು ಸೌಜನ್ಯ ಇತ್ತೆಂದರೆ ಈಗಿನವರಿಗೆ ನಂಬಲು ಕಷ್ಟ.

ಅಮೆರಿಕದವರು ಮರುಗಿದ್ದಕ್ಕೆ ಹಳೆಯ ಕಾರಣವೂ ಇತ್ತು. ಅಂತರ್ಯುದ್ಧ ಗೆದ್ದ ಸೇನಾನಿ, ಎರಡು ಬಾರಿ ಅಧ್ಯಕ್ಷರಾಗಿದ್ದ ಯುಲಿಸಿಸ್ ಗ್ರಾಂಟ್, 1884ರಲ್ಲಿ ಪಾಲುದಾರನ ವಂಚನೆಯಿಂದ ದಿವಾಳಿಯಾದರು. ಗಂಟಲಿನ ಕ್ಯಾನ್ಸರ್ ಅಂಟಿಕೊಂಡಿತ್ತು. ಹೆಂಡತಿ ಮಕ್ಕಳಿಗೆ ನಾಲ್ಕು ಕಾಸು ಉಳಿಯಲೆಂದು ನೋವು ನುಂಗಿಕೊಂಡು ನೆನಪುಗಳನ್ನು ಬರೆದರು. ಬರೆದು ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ತೀರಿಕೊಂಡರು. ಮಾರ್ಕ್ ಟ್ವೇನ್ ಅವರ ಪ್ರಕಾಶನ ಸಂಸ್ಥೆ ಅದನ್ನು ಪ್ರಕಟಿಸಿ ವಿಧವೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಡಾಲರ್ ತಲುಪಿಸಿತು. ಕತೆ ಬರೆಯುವ ನಮ್ಮಂಥವರಿಗೆ ಇಂಥ ಪ್ರಕಾಶಕರ ಹೆಸರು ಕೇಳಿದರೇ ರೋಮಾಂಚನವಾಗುತ್ತದೆ.

ನಮ್ಮಲ್ಲೂ ಇಂಥ ಕತೆಗಳಿವೆ. ಲಾಲ್ ಬಹಾದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಮನೆಯವರ ಒತ್ತಾಯಕ್ಕೆ 12 ಸಾವಿರ ರೂಪಾಯಿಯ ಫಿಯಟ್ ಕಾರು ಕೊಂಡರು. ಬ್ಯಾಂಕಿನಲ್ಲಿದ್ದದ್ದು 7 ಸಾವಿರ. ಉಳಿದ 5 ಸಾವಿರಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಬಾಕಿ ಇತ್ತು. ಪತ್ನಿ ಲಲಿತಾ ಅವರು ತಮಗೆ ಬರುತ್ತಿದ್ದ ಪಿಂಚಣಿಯಲ್ಲಿ ಅದನ್ನು ತೀರಿಸಿದರೆಂದು ಮಗ ಅನಿಲ್ ಶಾಸ್ತ್ರಿ ಹೇಳಿದ್ದಾರೆ. ನೆಹರೂ ಮತ್ತು ಶಾಸ್ತ್ರಿ ತೀರಿಕೊಂಡಾಗ ಎರಡು ಸಲವೂ ಹದಿಮೂರು ಹದಿಮೂರು ದಿನ ಹಂಗಾಮಿ ಪ್ರಧಾನಿಯಾಗಿದ್ದ ಗುಲ್ಜಾರಿಲಾಲ್ ನಂದಾ ಆಸ್ತಿ ಮಾಡದೆ, ಕೊನೆಯ ದಿನಗಳನ್ನು ಅಹಮದಾಬಾದಿನಲ್ಲಿ ಮಗಳ ಆಸರೆಯಲ್ಲಿ ಕಳೆದರು. 1997ರಲ್ಲಿ ಭಾರತರತ್ನ ಬಂತು, 1998ರ ಜನವರಿಯಲ್ಲಿ ಸಾವು ಬಂತು.

ಇವರ ಹೆಸರು ಹೇಳಿಕೊಂಡು ನಂತರದವರಿಗೆ ಸೌಲಭ್ಯಗಳು ಬೆಳೆದವು. ನಮ್ಮ ದೇಶದಲ್ಲಿ ಮಾಜಿ ಪ್ರಧಾನಿಗೆಂದೇ ಪ್ರತ್ಯೇಕ ಪಿಂಚಣಿ ಕಾಯ್ದೆ ಇಲ್ಲ. ಅವರಿಗೆ ಬರುವುದು ಮಾಜಿ ಸಂಸದರ ಪಿಂಚಣಿ. 2025ರ ಮಾರ್ಚ್‌ನಲ್ಲಿ ಹೊರಬಿದ್ದ ಆದೇಶದಂತೆ ಅದು ತಿಂಗಳಿಗೆ 31 ಸಾವಿರ. ದೊಡ್ಡದು ಪಿಂಚಣಿಯಲ್ಲ, ಅದರ ಸುತ್ತ ಇರುವುದು. ದಿಲ್ಲಿಯಲ್ಲಿ ಬಾಡಿಗೆಯಿಲ್ಲದ ಬಂಗಲೆ, ಮೊದಲ ಐದು ವರ್ಷ ಸಂಪುಟ ದರ್ಜೆ ಸಚಿವರಿಗಿರುವಂತೆ ಸಿಬ್ಬಂದಿ, ವಿಮಾನದ ಟಿಕೆಟ್, ವೈದ್ಯಕೀಯ ಖರ್ಚು. ಇವು ಹೆಚ್ಚಾಗಿ ಆಡಳಿತಾತ್ಮಕ ಆದೇಶಗಳಿಂದ ಬಂದವು. ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ನಮ್ಮ ಎಚ್.ಡಿ. ದೇವೇಗೌಡರು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ, ಹನ್ನೊಂದು ತಿಂಗಳೂ ತುಂಬದೆ, ಪ್ರಧಾನಿಯಾಗಿದ್ದವರು. ಇಷ್ಟು ಕಡಿಮೆ ಅವಧಿಗೆ ಇಷ್ಟು ಸೌಲಭ್ಯವೇ ಎಂದು ಉತ್ತರದ ಕೆಲವರು ಮೂಗು ಮುರಿದದ್ದುಂಟು. ಹಾಗೆ ನೋಡಿದರೆ ಬ್ರಿಟನ್ನಿನ ಲಿಜ್ ಟ್ರಸ್ 2022ರಲ್ಲಿ 49 ದಿನ ಪ್ರಧಾನಿಯಾಗಿದ್ದರು, ಆಕೆಗೂ ವರ್ಷಕ್ಕೆ 1 ಲಕ್ಷ 15 ಸಾವಿರ ಪೌಂಡ್‌ವರೆಗೆ ಸಾರ್ವಜನಿಕ ಕರ್ತವ್ಯದ ವೆಚ್ಚ ಪಡೆಯುವ ಅರ್ಹತೆ ಬಂತು. ಥ್ಯಾಚರ್ ಇಳಿದ ಮೇಲೆ, 1991ರಲ್ಲಿ ಶುರುವಾದ ಪದ್ಧತಿ ಅದು.

ಭದ್ರತೆಯ ಮಾತು ಬೇರೆ. ಅದನ್ನು ಸೌಲಭ್ಯಗಳ ಪಟ್ಟಿಗೆ ಸೇರಿಸಿ ಗೇಲಿ ಮಾಡುವುದು ನಮಗೆ ಸರಿ ಕಾಣುವುದಿಲ್ಲ. 1988ರ ಎಸ್‌ಪಿಜಿ ಕಾಯ್ದೆಯಲ್ಲಿ ಮಾಜಿ ಪ್ರಧಾನಿಗೆ ರಕ್ಷಣೆ ಇರಲಿಲ್ಲ. 1989ರಲ್ಲಿ ಸೋತ ರಾಜೀವ್ ಗಾಂಧಿಯವರಿಗೆ ಆ ರಕ್ಷಣೆ ತಪ್ಪಿತು, 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಅದೇ ವರ್ಷ ಕಾಯ್ದೆ ತಿದ್ದಿ ಮಾಜಿಗಳನ್ನು ಸೇರಿಸಲಾಯಿತು. 2019ರ ತಿದ್ದುಪಡಿ ಅದನ್ನು ಐದು ವರ್ಷಕ್ಕೆ ಇಳಿಸಿತು. ಕುರ್ಚಿಯಲ್ಲಿದ್ದಾಗ ಮಾಡಿದ ತೀರ್ಮಾನಕ್ಕೆ ಶತ್ರುಗಳು ಕುರ್ಚಿ ಬಿಟ್ಟ ಮೇಲೂ ಇರುತ್ತಾರೆ. ಅಂಥವರಿಗೆ ಕಾವಲು ಕೊಡುವುದು ಉಪಕಾರವಲ್ಲ.

ಆದರೆ ಬಂಗಲೆ? ಇದರ ಕತೆ ಕೇಳಬೇಕಾದರೆ ಲಖನೌಗೆ ಹೋಗಬೇಕು.

ಉತ್ತರ ಪ್ರದೇಶದಲ್ಲಿ 1997ರಲ್ಲಿ ಒಂದು ನಿಯಮ ಮಾಡಿಕೊಂಡರು. ಮುಖ್ಯಮಂತ್ರಿಯಾಗಿದ್ದವರಿಗೆ ಬದುಕಿರುವವರೆಗೂ ಸರ್ಕಾರಿ ಬಂಗಲೆ. ‘ಲೋಕ ಪ್ರಹರಿ’ ಎಂಬ ಸಂಸ್ಥೆ 2004ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಿತು. ಹನ್ನೆರಡು ವರ್ಷ ಕಳೆದು 2016ರ ಆಗಸ್ಟ್ 1ರಂದು ತೀರ್ಪು ಬಂತು: ನಿಯಮ ಕಾನೂನುಬಾಹಿರ, ಎರಡು ತಿಂಗಳಲ್ಲಿ ಮನೆ ಬಿಡಿ, ಬಾಡಿಗೆ ಕಟ್ಟಿ. ಮನೆ ಬಿಡುವ ಬದಲು ವಿಧಾನಸಭೆ ಏನು ಮಾಡಿತು ಗೊತ್ತೇ? 1981ರ ಸಚಿವರ ವೇತನ ಕಾಯ್ದೆಗೆ ಒಂದು ಉಪಕಲಮು ಸೇರಿಸಿ, ಕೋರ್ಟು ಬೇಡವೆಂದದ್ದನ್ನೇ ಕಾನೂನಾಗಿ ಮಾಡಿತು. ನೀರಿಗೆ, ಶಾಲೆಗೆ, ರಸ್ತೆಗೆ ಒಂದಾಗದ ಪಕ್ಷಗಳೆಲ್ಲ ಬಂಗಲೆಯ ವಿಷಯದಲ್ಲಿ ಮಾತ್ರ ಫಲಾನುಭವಿಗಳ ಪಟ್ಟಿಯಲ್ಲಿ ಅಕ್ಕಪಕ್ಕ ನಿಂತಿದ್ದವು. ಸಮಾಜವಾದಿಗಳ ಅಪ್ಪ ಮಗ ಇಬ್ಬರೂ ಇದ್ದರು, ಬಹುಜನ ಪಕ್ಷದ ಮಾಯಾವತಿ ಇದ್ದರು, ಬಿಜೆಪಿಯ ಕಲ್ಯಾಣ್ ಸಿಂಗ್, ರಾಜನಾಥ್ ಸಿಂಗ್ ಇದ್ದರು, ಕಾಂಗ್ರೆಸ್ಸಿನಿಂದ ಬಂದ ಎನ್.ಡಿ. ತಿವಾರಿ ಇದ್ದರು.

2018ರ ಮೇ 7ರಂದು ಸುಪ್ರೀಂ ಕೋರ್ಟು ಆ ಉಪಕಲಮನ್ನೂ ಹೊಡೆದುಹಾಕಿತು. ಪದವಿ ಬಿಟ್ಟ ಮುಖ್ಯಮಂತ್ರಿ ಉಳಿದ ಪ್ರಜೆಗಳಂತೆ ಒಬ್ಬ ಪ್ರಜೆ. ಭದ್ರತೆ, ಶಿಷ್ಟಾಚಾರದ ಮರ್ಯಾದೆ ಇರಲಿ, ಸಾರ್ವಜನಿಕ ಆಸ್ತಿಯನ್ನು ಜೀವನಪರ್ಯಂತ ಕೊಟ್ಟರೆ ಅದು ಸಮಾನತೆಗೆ ವಿರುದ್ಧ ಎಂಬುದು ತೀರ್ಪಿನ ತಿರುಳು. ನೋಟಿಸು ಹೋಯಿತು, ಹದಿನೈದು ದಿನ ಗಡುವು. ಆಮೇಲೆ ನಡೆದದ್ದನ್ನು ಕತೆಯಲ್ಲಿ ಬರೆದರೆ ಸಂಪಾದಕರು ಅತಿಯಾಯಿತು ಎಂದು ವಾಪಸು ಕಳಿಸುತ್ತಿದ್ದರು. ಮಾಯಾವತಿಯವರ ಬಂಗಲೆಯ ಮುಂದೆ ಇದ್ದಕ್ಕಿದ್ದಂತೆ ಕಾನ್ಶಿರಾಮ್ ಸ್ಮಾರಕ ವಿಶ್ರಾಂತಿ ಸ್ಥಳ ಎಂಬ ಫಲಕ ಕಾಣಿಸಿಕೊಂಡಿತು. ಅಖಿಲೇಶ್ ಯಾದವ್ ಖಾಲಿ ಮಾಡಿದ ಬಂಗಲೆಯಲ್ಲಿ ಟೈಲ್ಸ್ ಕಿತ್ತಿದೆ, ನಲ್ಲಿಗಳು ಕಾಣೆಯಾಗಿವೆ ಎಂದು ದೊಡ್ಡ ಗುಲ್ಲಾಯಿತು. ಅವರು ಪತ್ರಿಕಾಗೋಷ್ಠಿಗೆ ನಲ್ಲಿಗಳನ್ನು ಹಿಡಿದುಕೊಂಡೇ ಬಂದು, ಬೇಕಾದರೆ ತೆಗೆದುಕೊಳ್ಳಿ ಎಂದರು. ಇಪ್ಪತ್ತು ಕೋಟಿ ಜನರ ರಾಜ್ಯದಲ್ಲಿ ವಾರಗಟ್ಟಲೆ ನಲ್ಲಿಯದೇ ಮಾತು.

ಪಕ್ಕದ ಬಿಹಾರದಲ್ಲಿ 2019ರ ಫೆಬ್ರವರಿಯಲ್ಲಿ ಪಟ್ನಾ ಹೈಕೋರ್ಟು ಇಂಥದೇ ಸೌಲಭ್ಯ ರದ್ದು ಮಾಡಿತು. ಉತ್ತರಾಖಂಡದಲ್ಲಿ ಹೈಕೋರ್ಟು ಮಾಜಿ ಮುಖ್ಯಮಂತ್ರಿಗಳು ಮಾರುಕಟ್ಟೆ ದರದಲ್ಲಿ ಬಾಡಿಗೆ ಕಟ್ಟಬೇಕೆಂದರೆ, ಸರ್ಕಾರ ಬಾಕಿ ಮನ್ನಾ ಮಾಡುವ ಕಾಯ್ದೆಯನ್ನೇ ತಂದಿತು. 2020ರಲ್ಲಿ ಅದೂ ಬಿತ್ತು. ಜಮ್ಮು ಕಾಶ್ಮೀರದಲ್ಲಿ ಮಾಜಿ ಮುಖ್ಯಮಂತ್ರಿಗಳ ಸೌಲಭ್ಯ ಹೋದದ್ದು 2020ರ ಮಾರ್ಚ್ ಕೊನೆಯಲ್ಲಿ, ದಿಲ್ಲಿಯಿಂದ ಬಂದ ಆದೇಶದಲ್ಲಿ. ಅಲ್ಲಿ ಆಗ ವಿಧಾನಸಭೆಯೇ ಇರಲಿಲ್ಲ, ಒಬ್ಬ ಮಾಜಿ ಮುಖ್ಯಮಂತ್ರಿ ಬಂಧನದಲ್ಲೇ ಇದ್ದರು. ಫಲಿತಾಂಶ ಒಂದೇ ಆದರೂ ಲಖನೌದ ತೀರ್ಪನ್ನೂ ಈ ಆದೇಶವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಮಗೆ ಮನಸ್ಸು ಬರುವುದಿಲ್ಲ.

ಬಂಗಲೆಯ ಮೊಕದ್ದಮೆ ಗೆದ್ದ ಅದೇ ಲೋಕ ಪ್ರಹರಿ, ಮಾಜಿ ಸಂಸದರ ಪಿಂಚಣಿಯ ವಿರುದ್ಧದ ಮೊಕದ್ದಮೆಯನ್ನು 2018ರ ಏಪ್ರಿಲ್‌ನಲ್ಲಿ, ಅಂದರೆ ಮೂರು ವಾರ ಮೊದಲು, ಸೋತಿತ್ತು. ಅದು ಸಂಸತ್ತಿನ ವಿವೇಚನೆಗೆ ಬಿಟ್ಟದ್ದು ಎಂದಿತು ಕೋರ್ಟು. ವಿವೇಚನೆ ಹೇಗಿರುತ್ತದೆ ಎಂಬುದಕ್ಕೆ ನಮ್ಮ ವಿಧಾನಸೌಧವನ್ನೇ ನೋಡಬಹುದು. 2025ರ ಮಾರ್ಚ್ 21ರಂದು, ಬೇರೆ ಯಾವುದೋ ವಿಷಯಕ್ಕೆ ಸದನದಲ್ಲಿ ಕೂಗಾಟ ಕಾಗದ ಎಸೆದಾಟ ನಡೆಯುತ್ತಿರುವಾಗಲೇ, ಮುಖ್ಯಮಂತ್ರಿಗಳ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಮಾಜಿ ಶಾಸಕರ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಇದೇ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದ ಮೇಷ್ಟ್ರಿಗೆ ಹಳೆಯ ನಿಶ್ಚಿತ ಪಿಂಚಣಿ ತಪ್ಪಿತು, ಷೇರುಪೇಟೆಗೆ ಕಟ್ಟಿಕೊಂಡ ಹೊಸದು ಬಂತು.

ನಮ್ಮ ವಕೀಲ ಮಿತ್ರರೊಬ್ಬರು ಈ ಮಾತಿಗೆ ತಲೆಯಾಡಿಸುವುದಿಲ್ಲ. ಅಧಿಕಾರ ಬಿಟ್ಟವನಿಗೆ ಮರ್ಯಾದೆಯಿಂದ ಬದುಕುವ ದಾರಿ ಇಲ್ಲದಿದ್ದರೆ ಅವನು ಕುರ್ಚಿ ಬಿಡುವುದೇ ಇಲ್ಲ ಎನ್ನುತ್ತಾರೆ. ಶಹಜಹಾನನ ನಿವೃತ್ತಿ ಎಂಥದ್ದಿತ್ತು, ಆಗ್ರಾ ಕೋಟೆಯಲ್ಲಿ ಎಂಟು ವರ್ಷ. ಅದಕ್ಕೆ ಹೋಲಿಸಿದರೆ ಒಂದು ಬಂಗಲೆ ಅಗ್ಗವಲ್ಲವೇ ಎಂದು ಕೇಳುತ್ತಾರೆ. ಕಂಪನಿಗಳ ಆಡಳಿತ ಮಂಡಳಿಯಲ್ಲಿ ಕೂತು ಹಳೆಯ ಋಣ ವಸೂಲು ಮಾಡುವ ಮಾಜಿಗಿಂತ ಸರ್ಕಾರದ ಪಿಂಚಣಿ ತಿನ್ನುವ ಮಾಜಿ ವಾಸಿ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಶಾಸ್ತ್ರಿಯವರ ವಿಧವೆ ಕಾರಿನ ಸಾಲ ತೀರಿಸಬೇಕಾಗಿ ಬಂದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದರಲ್ಲಿ ಏನೋ ಕ್ರೌರ್ಯವೂ ಇದೆ. ನಮ್ಮ ತಕರಾರು ಕೊಡುವುದರ ಬಗ್ಗೆ ಅಲ್ಲ, ಕೇಳದೆಯೇ ಕೊಡುವುದರ ಬಗ್ಗೆ.

ನಮ್ಮ ಅಮ್ಮಿಯದೂ ಒಂದು ಪಿಂಚಣಿ ಇದೆ. ತುಮಕೂರಿನ ನಮ್ಮ ಗಲ್ಲಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೀಡಿ ಕಟ್ಟಿದವರು ಅಮ್ಮಿ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ನೆನೆಸಿದ ಎಲೆಯನ್ನು ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ, ತಂಬಾಕು ಹರಡಿ ಸುತ್ತಿ, ತುದಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಮಡಚಿ ದಾರ ಬಿಗಿಯುವುದು. ದಿನಕ್ಕೆ ಸಾವಿರ. ನಮ್ಮ ಪುಸ್ತಕ, ತಂಗಿಯರ ಮದುವೆ ಎಲ್ಲವೂ ಆ ಸಾವಿರಗಳಲ್ಲೇ ಆದದ್ದು. ಕೂಲಿಯಲ್ಲಿ ಹಿಡಿದ ಭವಿಷ್ಯ ನಿಧಿಯ ಲೆಕ್ಕದಿಂದ, 1995ರ ನೌಕರರ ಪಿಂಚಣಿ ಯೋಜನೆಯಡಿ, ಅವರಿಗೆ ಪಿಂಚಣಿ ಶುರುವಾಯಿತು. 2014ರ ಸೆಪ್ಟೆಂಬರಿನಲ್ಲಿ ಸರ್ಕಾರ ಈ ಯೋಜನೆಯ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದಾಗ ಅಮ್ಮಿಯದೂ ಸಾವಿರ ಮುಟ್ಟಿತು. ದಿನಕ್ಕೆ ಸಾವಿರ ಬೀಡಿ, ತಿಂಗಳಿಗೆ ಸಾವಿರ ರೂಪಾಯಿ ಎಂದು ಅಮ್ಮಿಯೇ ನಗುತ್ತಿದ್ದರು.

ಈ ಪಿಂಚಣಿ ನಿಲ್ಲದಿರಬೇಕಾದರೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂದು ರುಜುವಾತು ಕೊಡಬೇಕು. ಮೊದಲು ಕಾಗದದಲ್ಲಿತ್ತು, ಆಮೇಲೆ ಯಂತ್ರ ಬಂತು, ಹೆಬ್ಬೆರಳು ಒತ್ತಬೇಕು. ಒಂದು ವರ್ಷ ಅಮ್ಮಿಯ ಬೆರಳನ್ನು ಯಂತ್ರ ಒಪ್ಪಲಿಲ್ಲ. ಒರೆಸಿ ಒತ್ತಿದರು, ಎಣ್ಣೆ ಹಚ್ಚಿ ಒತ್ತಿದರು, ಎಡಗೈ ಬಲಗೈ ಹತ್ತೂ ಬೆರಳು ಒತ್ತಿದ್ದಾಯಿತು. ಬೀಡಿ ತುದಿ ಮಡಚಿ ಮಡಚಿ ಗೆರೆಗಳೆಲ್ಲ ಸವೆದುಹೋಗಿದ್ದವು. ಕೇಂದ್ರದಲ್ಲಿದ್ದ ಹುಡುಗ ಕೆಟ್ಟವನಲ್ಲ, “ಅಜ್ಜೀ, ನಿಮಗೆ ಬೆರಳೇ ಇಲ್ಲ ಅಂತಿದೆ ಇದು” ಎಂದ. ಕಚೇರಿಯ ಕಿಟಕಿಯಲ್ಲಿ ಕೂತವರು ಯಂತ್ರ ಒಪ್ಪದಿದ್ದರೆ ತಾವೇನೂ ಮಾಡುವಂತಿಲ್ಲ ಎಂದರು. ಅಮ್ಮಿ ಎದುರಿಗೇ ನಿಂತಿದ್ದರು. ನಾಲ್ಕು ತಿಂಗಳು ದುಡ್ಡು ಬರಲಿಲ್ಲ. ಆ ದುಡ್ಡಿನಲ್ಲಿ ಅವರ ಬಿ.ಪಿ. ಮಾತ್ರೆ, ಮೊಮ್ಮಗಳಿಗೆ ಈದಿ, ಮಸೀದಿಯ ಹುಂಡಿಗೆ ಹತ್ತಿಪ್ಪತ್ತು - ಮಗನ ಕೈಗೆ ನೋಡದೆ ಖರ್ಚು ಮಾಡುವ ಹಣ ಅದೊಂದೇ. ನಾವು ಕೊಡುತ್ತೇವೆಂದರೂ ಅಮ್ಮಿ ಬೇಡವೆಂದರು. “ಅದು ನಾನು ಕಟ್ಟಿದ್ದು, ಇದು ನೀನು ಕೊಡೋದು” ಎಂದರು. ಕಡೆಗೆ ಮೊಬೈಲಿನಲ್ಲಿ ಮುಖ ತೋರಿಸಿ ದೃಢೀಕರಿಸಬಹುದೆಂದು ಗೊತ್ತಾಗಿ, ಪಕ್ಕದ ಮನೆಯ ಹುಡುಗಿ ಬಾಗಿಲ ಬೆಳಕಿನಲ್ಲಿ ಕೂರಿಸಿ, “ದಾದೀ, ಕಣ್ಣು ಮಿಟುಕಿಸಿ” ಎಂದು ನಾಲ್ಕಾರು ಸಲ ಹೇಳಿ ಮುಗಿಸಿದಳು. ಬಾಕಿಯೂ ಬಂತು. ದಂಗೆಯ ನಂತರ ಗಾಲಿಬ್ ನಿಷ್ಠೆಯನ್ನು ಸಾಬೀತು ಮಾಡಬೇಕಿತ್ತು, ಅಮ್ಮಿ ಉಸಿರನ್ನು.

ಹೀಗೆ ಕೇಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಸತ್ತವರ ಹೆಸರಲ್ಲಿ ದುಡ್ಡು ತಿನ್ನುವವರು ಇದ್ದಾರೆ, ಸರ್ಕಾರ ಲೆಕ್ಕ ಇಡಬೇಕು. ಆದರೆ ಟ್ರೂಮನ್ನರ ಬಡತನಕ್ಕೆ ರುಜುವಾತು ಕೇಳಿದವರು ಯಾರು?

ಅವರ ಪತ್ನಿ ಬೆಸ್ ಅವರ ಖಾಸಗಿ ಕಾಗದಪತ್ರಗಳು 2011ರಲ್ಲಿ ಸಂಶೋಧಕರಿಗೆ ತೆರೆದುಕೊಂಡವು. ಅವನ್ನು ಓದಿದ ಕೊಲರಾಡೋ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಪಾಲ್ ಕ್ಯಾಂಪೋಸ್ 2021ರಲ್ಲಿ ಬರೆದದ್ದು ಹಲವರನ್ನು ಬೆಚ್ಚಿಬೀಳಿಸಿತು. ಅಧ್ಯಕ್ಷ ಪದವಿ ಬಿಡುವ ಹೊತ್ತಿಗೆ ಟ್ರೂಮನ್ ತಮ್ಮ ಕೈಯಾರೆ ಹಾಕಿಕೊಂಡ ಲೆಕ್ಕದಲ್ಲಿ ಅವರ ಆಸ್ತಿ ಸುಮಾರು ಆರೂವರೆ ಲಕ್ಷ ಡಾಲರ್. ಆ ಕಾಲದ ಆರೂವರೆ ಲಕ್ಷ. 1949ರಲ್ಲಿ ಅಧ್ಯಕ್ಷರ ಸಂಬಳ ಒಂದು ಲಕ್ಷಕ್ಕೆ ಏರಿದಾಗ ಜೊತೆಗೆ 50 ಸಾವಿರ ಡಾಲರಿನ ಖರ್ಚಿನ ಭತ್ಯೆಯೂ ಸೇರಿತ್ತು. ಅದರಲ್ಲಿ ದೊಡ್ಡ ಪಾಲು ಖರ್ಚಾಗದೆ ಉಳಿತಾಯವಾಗಿತ್ತು ಎಂಬುದು ಕ್ಯಾಂಪೋಸ್ ಅವರ ವಾದ. ಕಂಪನಿಗಳನ್ನು ದೂರವಿಟ್ಟದ್ದು ನಿಜ, 112 ಡಾಲರಿನ ಸೇನಾ ಪಿಂಚಣಿಯೂ ನಿಜ. ಪರಿಹಾರಕ್ಕೆ ಕೈಯೊಡ್ಡಬೇಕಿತ್ತು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ.

1958ರ ಆ ಕಾಯ್ದೆಯಲ್ಲಿ ಆದಾಯದ ಮಿತಿ ಎಂಬುದಿಲ್ಲ. ಸಂಪುಟ ದರ್ಜೆ ಕಾರ್ಯದರ್ಶಿಯ ಸಂಬಳಕ್ಕೆ ಕಟ್ಟಿರುವುದರಿಂದ ಪಿಂಚಣಿ ತಾನಾಗಿ ಏರುತ್ತದೆ; 2024ರಲ್ಲಿ ವರ್ಷಕ್ಕೆ 2 ಲಕ್ಷ 46 ಸಾವಿರದ 400 ಡಾಲರ್ ಇತ್ತು. ಒಂದೊಂದು ಪುಸ್ತಕಕ್ಕೆ, ಒಂದೊಂದು ಭಾಷಣಕ್ಕೆ ಮಾಜಿಗಳು ಎಷ್ಟು ಪಡೆಯುತ್ತಾರೆಂಬುದು ಈಗ ಗುಟ್ಟೇನಲ್ಲ. 2016ರಲ್ಲಿ ಅಲ್ಲಿನ ಸಂಸತ್ತು ಹೊರಗಿನ ಸಂಪಾದನೆ 4 ಲಕ್ಷ ಡಾಲರ್ ಮೀರಿದರೆ ಮಾಜಿ ಅಧ್ಯಕ್ಷರ ಭತ್ಯೆ ಕಡಿತ ಮಾಡುವ ಮಸೂದೆಯನ್ನು ಎರಡೂ ಪಕ್ಷಗಳ ಒಪ್ಪಿಗೆಯಿಂದ ಪಾಸು ಮಾಡಿತು. ಇನ್ನು ಆರು ತಿಂಗಳಲ್ಲಿ ಮಾಜಿಯಾಗಲಿದ್ದ ಬರಾಕ್ ಒಬಾಮ, ಮಾಜಿ ಅಧ್ಯಕ್ಷರ ಕಚೇರಿ ಸಿಬ್ಬಂದಿಗೆ ತೊಂದರೆಯಾಗುತ್ತದೆಂಬ ಕಾರಣ ಕೊಟ್ಟು, ಜುಲೈ ತಿಂಗಳಲ್ಲಿ ಅದಕ್ಕೆ ತಡೆಯಾಜ್ಞೆ ಹಾಕಿದರು. ಮಸೂದೆ ಅಲ್ಲಿಗೇ ಬಿತ್ತು.